ಆ ಉದ್ದನೆ ಟೇಬಲ್‌ನ ಎರಡು ತುದಿ

ಈ ಸಂಚಿಕೆ ಕೇಳ್ತಾ ಇರುವಾಗಲೇ ಫೋನಿನಲ್ಲಿ ಒಂದು ಹೆಸರು ಹುಡುಕಿ: ವಿಲಿಯಂ ಕ್ವಿಲ್ಲರ್ ಆರ್ಚರ್ಡ್‌ಸನ್. 1832ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಚಿತ್ರಕಾರ. 1883ರಲ್ಲಿ ಅವರು ಬಿಡಿಸಿದ ‘ಮಾರಿಯಾಜ್ ದ ಕಾನ್ವೆನಾನ್ಸ್’ ಈಗ ಗ್ಲಾಸ್ಗೋದಲ್ಲಿದೆ. ಫ್ರೆಂಚ್ ಹೆಸರು, ಅನುಕೂಲಕ್ಕಾಗಿ ಆದ ಮದುವೆ ಅಂತ ಅರ್ಥ.

ಉದ್ದನೆ ಊಟದ ಟೇಬಲ್. ಒಂದು ತುದಿಯಲ್ಲಿ ವಯಸ್ಸಾದ ಗಂಡ, ಇನ್ನೊಂದು ತುದಿಯಲ್ಲಿ ಹರೆಯದ ಹೆಂಡತಿ. ಬಟ್ಲರ್ ವೈನ್ ಸುರಿತಿದ್ದಾನೆ. ಅವಳು ಕುರ್ಚಿಗೆ ಒರಗಿ ಬೇರೆಲ್ಲೋ ನೋಡ್ತಿದ್ದಾಳೆ. ಅಷ್ಟೇ. ಯಾರೂ ಕೂಗಾಡಲ್ಲ, ತಟ್ಟೆ ಎಸೆಯಲ್ಲ. ಜಗಳ ಪೂರ್ತಿ ಇರೋದು ಇಬ್ಬರ ನಡುವಿನ ಜಾಗದಲ್ಲಿ.

ಅಂದಿನ ಲಂಡನ್ ಜನ ಚಿತ್ರವನ್ನು ಕಥೆ ಓದಿದ ಹಾಗೆ ಓದ್ತಿದ್ರು. 1858ರಲ್ಲಿ ಅಗಸ್ಟಸ್ ಎಗ್ ರಾಯಲ್ ಅಕಾಡೆಮಿಯಲ್ಲಿ ಮೂರು ಚಿತ್ರಗಳ ಒಂದು ಸರಣಿ ಇಟ್ಟಿದ್ರು. ಗಂಡನ ಕೈಯಲ್ಲಿ ಪತ್ರ, ಹೆಂಡತಿಯ ಗುಟ್ಟು ಬಯಲಾಗಿದೆ, ಅವಳು ನೆಲದ ಮೇಲೆ ಬಿದ್ದಿದ್ದಾಳೆ. ಮಕ್ಕಳು ಕಟ್ಟಿದ ಇಸ್ಪೀಟಿನ ಮನೆ ಕುಸೀತಿದೆ. ಇನ್ನೊಂದರಲ್ಲಿ ಅವಳು ಥೇಮ್ಸ್ ದಡದ ಕಮಾನಿನ ಕೆಳಗೆ ನಿರ್ಗತಿಕಳು. ತಪ್ಪು ಮಾಡಿದಳು, ಶಿಕ್ಷೆ ಆಯ್ತು. ನನಗೇನೋ ಆ ಇಸ್ಪೀಟಿನ ಮನೆ ಸ್ವಲ್ಪ ಜಾಸ್ತಿಯಾಯ್ತು ಅನ್ಸುತ್ತೆ!

ಅದಕ್ಕೂ ಹಿಂದಿನ ವರ್ಷವಷ್ಟೇ, 1857ರಲ್ಲಿ, ಇಂಗ್ಲೆಂಡ್‌ನಲ್ಲಿ ಹೊಸ ವಿಚ್ಛೇದನ ಕಾನೂನು ಬಂದಿತ್ತು. ಹೆಂಡತಿಗೆ ಬೇರೆ ಸಂಬಂಧ ಇದ್ದರೆ ಗಂಡನಿಗೆ ಅಷ್ಟೇ ಸಾಕು. ಹೆಂಡತಿ ಕೇಳಬೇಕಾದರೆ ಗಂಡನ ಸಂಬಂಧದ ಜೊತೆಗೆ ಕ್ರೌರ್ಯವನ್ನೋ, ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕು. ಈ ತಾರತಮ್ಯ ಹೋಗಿದ್ದು 1923ರಲ್ಲಿ.

ಆರ್ಚರ್ಡ್‌ಸನ್ ಕಥೆ ಹೇಳೋ ರೀತಿಯೇ ಬೇರೆ. 1886ರಲ್ಲಿ ಅದೇ ದಂಪತಿಯ ಮುಂದಿನ ಭಾಗ ಬಿಡಿಸಿದ್ರು, ಈಗ ಅಬರ್ಡೀನ್‌ನಲ್ಲಿದೆ. ಮುದುಕ ಬೆಂಕಿಗೂಡಿನ ಹತ್ತಿರ ಒಬ್ಬನೇ ಕುಸಿದು ಕೂತಿದ್ದಾನೆ. ಟೇಬಲ್ ಒಬ್ಬರಿಗೆ ಮಾತ್ರ ಸಜ್ಜಾಗಿದೆ. ಪಾಪ ಅನ್ಸುತ್ತೆ. ಆದರೆ ನನ್ನ ತಕರಾರು ಇಲ್ಲೇ: ಕನಿಕರವೆಲ್ಲ ಗಂಡನ ಪಾಲಿಗೆ ಹೋಯ್ತು. ಅವಳೆಲ್ಲಿ?

ನಾನು ಓದಿದ್ದು ಬಿಕಾಂ, ಹಾಗಾಗಿ ಲೆಕ್ಕದ ಕಡೆಯಿಂದ ನೋಡ್ತೀನಿ. ಮದುವೆಯಾದ ಮಹಿಳೆಯ ಆಸ್ತಿ ಅವಳದ್ದೇ ಅನ್ನೋ 1882ರ ಕಾಯ್ದೆ ಜಾರಿಗೆ ಬಂದಿದ್ದು 1883ರ ಜನವರಿ 1ಕ್ಕೆ, ಮೊದಲ ಚಿತ್ರದ ವರ್ಷವೇ. ಅದಕ್ಕೂ ಮೊದಲು ಹೆಂಡತಿಯ ದುಡ್ಡು, ಒಡವೆ ಹೆಚ್ಚುಕಡಿಮೆ ಗಂಡನ ಪಾಲು. ಶ್ರೀಮಂತ ಅಪ್ಪಂದಿರು ಟ್ರಸ್ಟ್ ಮಾಡಿ ಮಗಳ ಹಣ ಕಾಪಾಡ್ತಿದ್ರು, ಅದು ಬೇರೆ ವಿಷಯ. ಆದರೆ ಆಸ್ತಿ ಇದ್ದರೆ ತಾನೇ ಕಾನೂನಿನಿಂದ ಲಾಭ? ದುಡ್ಡಿಗಾಗಿ ಮುದುಕನನ್ನು ಕಟ್ಟಿಕೊಂಡವಳ ಹತ್ತಿರ ಸ್ವಂತದ್ದು ಏನಿದ್ದೀತು? ಹೊರಗೆ ಕಾಲಿಟ್ಟರೆ ಆ ಬಟ್ಲರ್, ಆ ದೀಪ, ಆ ರೇಷ್ಮೆ ಗೌನು ಎಲ್ಲವನ್ನೂ ಬಿಟ್ಟ ಹಾಗೆ. ಆದರೂ ಹೋದಳು. ಅಷ್ಟು ಬೆಲೆ ತೆತ್ತು ಹೋಗಿದ್ದಾಳೆ ಅಂದರೆ ಆ ಟೇಬಲ್ ಎದುರಿನ ಸಂಜೆಗಳು ಹೇಗಿದ್ದಿರಬೇಕು!

ಇನ್ನೊಂದು ಚಿತ್ರವನ್ನೂ ನೋಡಿಬಿಡಿ: 1887ರ ‘ದಿ ಫಸ್ಟ್ ಕ್ಲೌಡ್’, ಮೆಲ್ಬರ್ನ್‌ನಲ್ಲಿದೆ. ಬೇರೊಂದು ಜೋಡಿ, ಮತ್ತೆ ಅದೇ ಥರದ ದೊಡ್ಡ ಕೋಣೆ, ನಡುವೆ ಹೊಳೆಯೋ ಖಾಲಿ ನೆಲ. ಗಂಡ ಜೇಬಿಗೆ ಕೈ ಹಾಕಿ ನಿಂತಿದ್ದಾನೆ. ಹೆಂಡತಿ ನಮಗೆ ಬೆನ್ನು ತಿರುಗಿಸಿ, ಪರದೆ ದಾಟಿ ಆಚೆ ಹೋಗ್ತಿದ್ದಾಳೆ.