ತಾಮ್ರಶುದ್ಧಿ: ಕ್ಷಾರಾಮ್ಲಗಳ ಪ್ರಾಚೀನ ವಿಧಿಯೂ ಪುತ್ತೂರು ಸೀಮೆಯ ರೂಢಿಯೂ

ಪುತ್ತೂರು, ಸುಳ್ಯ ತಾಲ್ಲೂಕುಗಳಲ್ಲಿಯೂ ಅವುಗಳ ಭಾಗಗಳಿಂದ ರಚಿತವಾದ ಕಡಬದಲ್ಲಿಯೂ ಬಚ್ಚಲಿನ ಹಂಡೆ, ದೇವರ ಚೆಂಬು, ಕೊಡಪಾನಗಳನ್ನು ಹುಣಿಸೆಹುಳಿ, ಉಪ್ಪು, ಬೂದಿಗಳಿಂದ ಬೆಳಗುವ ರೂಢಿ ಇಂದಿಗೂ ಉಳಿದಿದೆ. ಹುಣಿಸೆಗೆ ಬದಲಾಗಿ ಬಿಂಬುಳಿಯೂ ಸಲ್ಲುತ್ತದೆ. ಇದು ಕೇವಲ ಗೃಹಕೃತ್ಯವೆಂಬ ಭಾವನೆಯಿಂದ ಇತಿಹಾಸಕಾರರು ಇತ್ತ ಗಮನ ಹರಿಸಿದ್ದು ಕಡಮೆ.

ತಾಮ್ರಾದಿ ಲೋಹಗಳನ್ನು ಕ್ಷಾರ, ಹುಳಿನೀರು, ಶುದ್ಧಜಲಗಳಿಂದ ತೊಳೆಯಬೇಕೆಂದು ಮನುಸ್ಮೃತಿಯ 5ನೆಯ ಅಧ್ಯಾಯವು ವಿಧಿಸುತ್ತದೆ. ಯಾಜ್ಞವಲ್ಕ್ಯನು ಇನ್ನೂ ವಿವೇಚಿಸಿ, ತವರ, ಸೀಸ, ತಾಮ್ರಗಳಿಗೆ ಕ್ಷಾರಾಮ್ಲಗಳನ್ನೂ ಕಂಚಿಗೆ ಬೂದಿ ನೀರುಗಳನ್ನೂ ಹೇಳುತ್ತಾನೆ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದವನು. ಆದುದರಿಂದ ಈ ವಿಧಿಯು ಕನ್ನಡ ನಾಡಿನ ಪಂಡಿತರಿಗೆ ಅಪರಿಚಿತವಾಗಿರಲಿಲ್ಲ. ಸ್ಮೃತಿಕಾರರ ಲಕ್ಷ್ಯವಿದ್ದುದು ಮಡಿಮೈಲಿಗೆಯ ಮೇಲೆ, ರಸಾಯನದ ಮೇಲಲ್ಲ. ನಮ್ಮ ಹಂಡೆಗಳು ಬೆಳಗುವುದು ಸ್ಮೃತಿಯನ್ನು ಓದಿ ಎಂದು ವಾದಿಸುವುದೂ ಹಾಸ್ಯಾಸ್ಪದವೇ. ಬಹುಶಃ ಶಾಸ್ತ್ರವೇ ಅಡುಗೆಮನೆಯಿಂದ ಕಲಿತಿರಬೇಕು.

ಆದರೂ ಆ ಕ್ರಮವು ಯುಕ್ತವಾಗಿದೆ. ತೆಂಗಿನ ಸಿಪ್ಪೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟು ಜಿಡ್ಡನ್ನು ಬಿಡಿಸುತ್ತದೆ. ಜಿಡ್ಡಿನ ಮೇಲೆ ಹುಳಿ ಹಿಡಿಯದು. ಬಳಿಕ ಹುಣಿಸೆಯ ಟಾರ್ಟಾರಿಕ್ ಆಮ್ಲವು ಕಪ್ಪು ಆಕ್ಸೈಡನ್ನೂ ಹಸುರು ಕಿಲುಬನ್ನೂ ಕರಗಿಸುತ್ತದೆ. ಎರಡನ್ನೂ ಒಮ್ಮೆಲೆ ಕಲಸಿದರೆ ಒಂದು ಮತ್ತೊಂದರ ಶಕ್ತಿಯನ್ನು ಕುಂದಿಸುವುದು. ಹುಳಿಯನ್ನು ರಾತ್ರಿಯಿಡೀ ಬಿಟ್ಟರೆ ಗಾಳಿಯ ಆಮ್ಲಜನಕದ ನೆರವಿನಿಂದ ಲೋಹವೇ ಕರಗತೊಡಗುತ್ತದೆ. ಹೀಗೆ ಹುಟ್ಟುವ ತಾಮ್ರದ ಲವಣಗಳು ವಿಷಕರವಾದುದರಿಂದ ಕಡೆಯಲ್ಲಿ ನೀರಿನಿಂದ ತೊಳೆಯುವುದು ಅತ್ಯವಶ್ಯ. ಹುಳಿಯ ಅಡುಗೆಗೆ ತಾಮ್ರದ ಪಾತ್ರೆಯ ಒಳಮೈಗೆ ಕಲಾಯಿ ಹಾಕಿಸುವುದೂ ಇದೇ ಕಾರಣದಿಂದ. ಮರಳಿನಿಂದ ಉಜ್ಜಿದರೆ ಆ ತೆಳುವಾದ ತವರವು ಸವೆದುಹೋಗುತ್ತದೆ. ಅಂಗಡಿಯ ನೈಟ್ರಿಕ್ ಆಮ್ಲವಂತೂ ತಾಮ್ರವನ್ನು ಮುಟ್ಟಿದೊಡನೆ ಕೆಂಗಂದು ವಿಷಧೂಮವನ್ನು ಹೊರಸೂಸುವುದು. ಅದು ಮನೆಯಲ್ಲಿ ಬಳಸತಕ್ಕುದಲ್ಲ.

ನಮ್ಮ ಆತಂಕ ಬೇರೊಂದಿದೆ. ಹಳೆಯ ಪಾತ್ರೆಗಳ ಕಂಠದಲ್ಲಿ ಮನೆತನದ ಹೆಸರು, ದಾನಿಯ ಹೆಸರು, ಕೆಲವೊಮ್ಮೆ ಇಸವಿಯೂ ಚುಕ್ಕೆಗಳಲ್ಲಿ ಕೊರೆಯಲ್ಪಟ್ಟಿರುತ್ತವೆ. ಪ್ರತಿ ಹಬ್ಬದ ಬೆಳಗಿನಲ್ಲಿಯೂ ಅವು ಕೊಂಚ ಕೊಂಚ ಅಳಿಯುತ್ತವೆ. ತಾಮ್ರಶಾಸನಗಳ ವಿಷಯದಲ್ಲಿ ಹಾನಿ ಇನ್ನೂ ಹೆಚ್ಚು. ತೀರ ಶಿಥಿಲವಾದ ಹಲಗೆಯಲ್ಲಿ ಅಕ್ಷರವು ಕಿಲುಬಿನ ಪದರದಲ್ಲಿಯೇ ಉಳಿದಿರುವುದುಂಟು. ಹುಣಿಸೆಯ ನೀರು ಪದರದೊಡನೆ ಅಕ್ಷರವನ್ನೂ ಒಯ್ಯುತ್ತದೆ. ಅಂಥ ಹಲಗೆ ದೊರೆತವರು ಅದನ್ನು ಬೆಳಗದೆ, ಒಣಬಟ್ಟೆಯಲ್ಲಿ ಸುತ್ತಿ, ಪುರಾತತ್ತ್ವ ಇಲಾಖೆಗೆ ತಿಳಿಸತಕ್ಕದ್ದು. ಮನೆಯ ಹಂಡೆಯಾದರೆ, ಬೆಳಗುವ ಮೊದಲು ಕಂಠದ ಬರೆಹವನ್ನು ಒಂದು ಕಾಗದದ ಮೇಲೆ ನಕಲು ಮಾಡಿಕೊಂಡರೂ ಸಾಕು.