ಜತ್ತದ ಎರಡು ನುಡಿಗಳು ಮತ್ತು ಕಲಿಕೆಯ ಅಳವು

ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಇಂದು ಸಾಂಗಲಿ ಜಿಲ್ಲೆಗೆ ಸೇರಿದ ಈ ತಾಲೂಕಿನ ಅನೇಕ ಹಳ್ಳಿಗಳಲ್ಲಿ ಕನ್ನಡ ಮನೆಮಾತು, ಮರಾಠಿ ಆಡಳಿತದ ಭಾಷೆ. ಎರಡನ್ನೂ ಕಲಿಯುವುದು ಮಗುವಿಗೆ ಹೊರೆಯೆಂಬ ವಾದಕ್ಕೆ ತಾಲೂಕಿನ ಇತಿಹಾಸದಲ್ಲಿಯೇ ಉತ್ತರವಿದೆ.

ಇಲ್ಲಿಯ ಉಮದಿ ಗ್ರಾಮದ ಭಾವೂಸಾಹೇಬ ಮಹಾರಾಜರು (1843–1914) ಇಂಚಗೇರಿ ಮಠದ ಸ್ಥಾಪಕರು. ಅವರ ಪರಂಪರೆ ಕನ್ನಡ ಪದಗಳನ್ನೂ ಮರಾಠಿ ದಾಸಬೋಧವನ್ನೂ ಒಟ್ಟಿಗೆ ಇರಿಸಿಕೊಂಡಿತು. ಅವರ ಶಿಷ್ಯರಾದ, ಜಮಖಂಡಿಯಲ್ಲಿ ಜನಿಸಿದ ರಾ. ದ. ರಾನಡೆ (1886–1957) ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. ಉಪನಿಷತ್ತುಗಳ ಬಳಿಕ ಮರಾಠಿ, ಹಿಂದಿ, ಕನ್ನಡ ಅನುಭಾವ ಸಾಹಿತ್ಯಗಳನ್ನು ಕುರಿತು ಪ್ರತ್ಯೇಕ ಗ್ರಂಥಗಳನ್ನು ರಚಿಸಿದರು. ಹೊಸ ಭಾಷೆ ಬಂದಾಗ ಹಳೆಯದು ಜಾಗ ಬಿಡಬೇಕೆಂಬ ನಿಯಮ ಮನಸ್ಸಿಗಿಲ್ಲ.

ಆದರೆ ಮನಸ್ಸಿನ ಶಕ್ತಿ ಅಪಾರವೆಂಬ ಮಾತು ಮೊದಲ ಮೆಟ್ಟಿಲನ್ನೇ ಕಿತ್ತುಹಾಕಲು ನೆಪವಾಗಬಾರದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸೌಲಭ್ಯ ಒದಗಿಸಬೇಕೆಂದು, 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಜತ್ತದ ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ದೊರೆತರೆ ಮರಾಠಿಗೆ ನಷ್ಟವಿಲ್ಲ. ದೊರೆಯದಿದ್ದರೆ ಎರಡು ಭಾಷೆಗಳ ಕಲಿಕೆಯೂ ಕುಂಠಿತವಾಗುತ್ತದೆ.