ಒಂದು ಬೈಟಿನೊಳಗಿನ ಗಡಿ: ಸರ್ವರ್ ಸೆನ್ಸರ್ ಮಿತಿಗಳ ನಿಖರತೆ ಬೆಳೆದುಬಂದ ಬಗೆ

ಸರ್ವರ್‌ನ ಮದರ್‌ಬೋರ್ಡಿನಲ್ಲಿ ಉಷ್ಣತೆ, ವೋಲ್ಟೇಜ್ ಮತ್ತು ಫ್ಯಾನ್ ವೇಗವನ್ನು ಅಳೆಯುವ ಸೆನ್ಸರ್‌ಗಳಿರುತ್ತವೆ; ಅಳತೆಯು ಯಾವ ಮಿತಿಯನ್ನು ದಾಟಿದರೆ ಎಚ್ಚರಿಕೆ ಹೊರಡಬೇಕೆಂಬುದನ್ನು ನಿರ್ವಾಹಕರು ನಿಗದಿಪಡಿಸಬಹುದು. ಆದರೆ 3.135 ವೋಲ್ಟ್ ಎಂದು ನಮೂದಿಸಿದ ಮಿತಿಯನ್ನು ಮತ್ತೆ ಓದಿದಾಗ 3.136 ಎಂದು ಕಾಣುವುದುಂಟು. ಇದನ್ನು ತಂತ್ರಾಂಶದ ದೋಷವೆಂದು ತಿಳಿಯುವವರಿದ್ದಾರೆ. ವಾಸ್ತವವಾಗಿ ಅದರ ಮೂಲ ಅಂಕಿಗಳನ್ನು ಸಂಗ್ರಹಿಸುವ ಕ್ರಮದಲ್ಲಿದೆ, ಮತ್ತು ಆ ಕ್ರಮಕ್ಕೆ ಕಾಲು ಶತಮಾನಕ್ಕೂ ಮೀರಿದ ಇತಿಹಾಸವಿದೆ.

1990ರ ದಶಕದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯ ಎಲ್‌ಎಂ78 ಚಿಪ್ ವೋಲ್ಟೇಜನ್ನು 8 ಬಿಟ್‌ಗಳಲ್ಲಿ, ಒಂದೊಂದು ಹಂತಕ್ಕೆ 16 ಮಿಲಿವೋಲ್ಟ್‌ನಂತೆ ಅಳೆಯುತ್ತಿತ್ತು. 195ನೆಯ ಹಂತ 3.120, 196ನೆಯದು 3.136 ಆಗುವುದರಿಂದ 3.135ಕ್ಕೆ ಅಲ್ಲಿ ಸ್ಥಾನವೇ ಇರಲಿಲ್ಲ. ಫ್ಯಾನಿನ ವಿಷಯದಲ್ಲಿ ಅದು ವೇಗವನ್ನು ನೇರವಾಗಿ ಅಳೆಯದೆ, ಒಂದು ಸುತ್ತಿಗೆ ಹಿಡಿಯುವ ಸಮಯವನ್ನು ಎಣಿಸಿ, ಒಂದು ಸ್ಥಿರಾಂಕವನ್ನು ಆ ಎಣಿಕೆಯಿಂದ ಭಾಗಿಸುತ್ತಿತ್ತು. ಇದರಿಂದಾಗಿ ನಿಮಿಷಕ್ಕೆ 4,400 ಸುತ್ತುಗಳ ಆಸುಪಾಸಿನಲ್ಲಿ ಒಂದು ಎಣಿಕೆಯ ವ್ಯತ್ಯಾಸ ಸುಮಾರು 29 ಸುತ್ತುಗಳಾದರೆ, 11,000ದ ಆಸುಪಾಸಿನಲ್ಲಿ ಅದು ಸುಮಾರು 180 ಆಗುತ್ತಿತ್ತು. ಅದೇ ಸಂಸ್ಥೆಯ ಎಲ್‌ಎಂ75 ಉಷ್ಣತೆಯನ್ನು ಅರ್ಧ ಡಿಗ್ರಿಯ ಹಂತಗಳಲ್ಲಿ ಕೊಡುತ್ತಿತ್ತು.

ಚಿಪ್‌ನಿಂದ ಚಿಪ್‌ಗೆ ಬದಲಾಗುವ ಈ ಭಾಷೆಗಳನ್ನು ಒಂದುಗೂಡಿಸಲು ಇಂಟೆಲ್, ಡೆಲ್, ಎಚ್‌ಪಿ ಮತ್ತು ಎನ್‌ಇಸಿ ಸಂಸ್ಥೆಗಳು 1998ರಲ್ಲಿ ಐಪಿಎಂಐ ಎಂಬ ಮಾನದಂಡವನ್ನು ಪ್ರಕಟಿಸಿದವು. 2004ರಲ್ಲಿ ಅದರ 2.0 ಆವೃತ್ತಿ ಬಂದಿತು. ಮುಖ್ಯ ಪ್ರೊಸೆಸರ್ ಸ್ಥಗಿತಗೊಂಡಿದ್ದರೂ ಕೆಲಸ ಮಾಡುವ ಬಿಎಂಸಿ ಎಂಬ ಪ್ರತ್ಯೇಕ ನಿಯಂತ್ರಕವು ಇಲ್ಲಿ ಸೆನ್ಸರ್‌ಗಳ ಮೇಲ್ವಿಚಾರಣೆ ನಡೆಸುತ್ತದೆ. ಪ್ರತಿ ಸೆನ್ಸರ್‌ಗೆ ಮೇಲೆ ಮೂರು, ಕೆಳಗೆ ಮೂರು ಮಿತಿಗಳಿರಬಹುದು. ಅಳತೆಯೂ ಮಿತಿಗಳೂ ತಲಾ ಒಂದು ಬೈಟ್, ಅಂದರೆ 256 ಬೆಲೆಗಳಲ್ಲಿ ಒಂದು. ಆ ಕಚ್ಚಾ ಅಂಕಿಯನ್ನು ಒಂದು ಗುಣಕದಿಂದ ಗುಣಿಸಿ, ಅದಕ್ಕೆ ಒಂದು ಸ್ಥಿರಾಂಕವನ್ನು ಕೂಡಿಸಿ, ಹತ್ತರ ಘಾತದಿಂದ ಹೊಂದಿಸಿದಾಗ ವೋಲ್ಟ್ ಅಥವಾ ಡಿಗ್ರಿ ದೊರೆಯುತ್ತದೆ. ಈ ಗುಣಕಗಳನ್ನು ಗೊತ್ತುಮಾಡುವವರು ಬೋರ್ಡಿನ ವಿನ್ಯಾಸಕಾರರು. ನಿರ್ವಾಹಕರ ಆಯ್ಕೆಯೇನಿದ್ದರೂ ವಿನ್ಯಾಸಕಾರರು ಮೊದಲೇ ಹಾಕಿಕೊಟ್ಟ ಹಂತಗಳ ನಡುವೆ ಮಾತ್ರ.

12 ವೋಲ್ಟ್ ಸರಬರಾಜಿನಲ್ಲಿ ಶೇ 5ರ ಏರಿಳಿತಕ್ಕೆ ಅವಕಾಶವಿದ್ದು, ಹಂತದ ಗಾತ್ರ 0.063 ವೋಲ್ಟ್ ಎಂದಿಟ್ಟುಕೊಂಡರೆ, ಮೇಲಿನ ಮಿತಿಯಾದ 12.600 ಸರಿಯಾಗಿ 200ನೆಯ ಹಂತಕ್ಕೆ ಬರುತ್ತದೆ. ಕೆಳಗಿನ 11.400 ಮಾತ್ರ ಎಲ್ಲಿಯೂ ಕೂರುವುದಿಲ್ಲ: ತಂತ್ರಾಂಶವು ಹತ್ತಿರದ ಹಂತವನ್ನು ಹಿಡಿದರೆ 11.403 ಆಗುತ್ತದೆ, ದಶಮಾಂಶವನ್ನು ಕತ್ತರಿಸಿದರೆ 11.340ಕ್ಕೆ ಇಳಿಯುತ್ತದೆ. ಮೊದಲನೆಯದು ನಗಣ್ಯ, ಎರಡನೆಯದು, ಎಚ್ಚರಿಸಲೇಬೇಕಾದ 60 ಮಿಲಿವೋಲ್ಟ್‌ಗಳ ಕುಸಿತವನ್ನು ಸದ್ದಿಲ್ಲದೆ ಒಪ್ಪಿಕೊಂಡುಬಿಡುತ್ತದೆ. ಮಾಪನವನ್ನು ಸೊನ್ನೆಯ ಬದಲು 8 ವೋಲ್ಟ್‌ನಿಂದ ಆರಂಭಿಸಿದರೆ ಹಂತವನ್ನು 0.031ಕ್ಕೆ ಇಳಿಸಬಹುದು, ಆದರೆ ಆಗ 8ಕ್ಕಿಂತ ಕೆಳಗೆ ಬಿದ್ದ ವೋಲ್ಟೇಜನ್ನು ತೋರಿಸಲು ಅಂಕಿಯೇ ಉಳಿಯುವುದಿಲ್ಲ. ಸೂಕ್ಷ್ಮತೆ ಮತ್ತು ವ್ಯಾಪ್ತಿಗಳಲ್ಲಿ ಒಂದನ್ನು ಕೊಟ್ಟೇ ಇನ್ನೊಂದನ್ನು ಪಡೆಯಬೇಕು.

ಈ ಕೊರತೆ ಹೆಚ್ಚು ಬಾಧಿಸುವುದು ಫ್ಯಾನ್‌ಗಳಲ್ಲಿ. ಹಂತಕ್ಕೆ 100 ಸುತ್ತುಗಳಾದರೆ ಒಂದು ಬೈಟಿನಲ್ಲಿ 25,500ರವರೆಗೆ ಹೇಳಬಹುದು. 15,000 ಸುತ್ತುಗಳ ಫ್ಯಾನಿಗೆ ಒಂದು ಹಂತವೆಂದರೆ ಶೇಕಡ ಒಂದಕ್ಕಿಂತ ಕಡಿಮೆ, ಆದರೆ 500 ಸುತ್ತುಗಳ ಸದ್ದಿಲ್ಲದ ಫ್ಯಾನಿಗೆ ಅದೇ ಹಂತ ಐದನೆಯ ಒಂದು ಭಾಗ. ಅಲ್ಲಿ 350 ಎಂಬ ಕೆಳಮಿತಿಯು 300 ಅಥವಾ 400 ಆಗಲೇಬೇಕು. ಅದು 400 ಆಗಿ, ಫ್ಯಾನಿನ ಸಹಜ ವೇಗವೂ ಅಲ್ಲಿಯೇ ತೂಗಾಡುತ್ತಿದ್ದರೆ, ಫ್ಯಾನ್ ಕೆಟ್ಟಿತೆಂದು ಭಾವಿಸುವ ಬಿಎಂಸಿ ಎಲ್ಲ ಫ್ಯಾನ್‌ಗಳನ್ನೂ ಪೂರ್ಣ ವೇಗಕ್ಕೆ ಏರಿಸಿ, ಅಳತೆ ಸರಿಹೋದೊಡನೆ ಇಳಿಸಿ, ಮತ್ತೆ ಏರಿಸುತ್ತ ಹೋಗುವ ಸಾಧ್ಯತೆಯಿದೆ. ಇಂಥ ತೂಗಾಟವನ್ನು ತಡೆಯಲೆಂದೇ, ಮಿತಿ ದಾಟಿದ ಅಳತೆ ಎಷ್ಟು ಹಿಂದೆ ಸರಿದರೆ ಎಚ್ಚರಿಕೆಯನ್ನು ಹಿಂಪಡೆಯಬೇಕೆಂದು ಹೇಳುವ ಹಿಸ್ಟೆರಿಸಿಸ್ ಎಂಬ ಅಂತರವನ್ನು ಮಾನದಂಡ ಒದಗಿಸಿದೆ. ಅದೂ ಪೂರ್ಣ ಹಂತಗಳಲ್ಲಿಯೇ ಇರುವುದರಿಂದ, ಇಲ್ಲಿ 100 ಸುತ್ತುಗಳಿಗಿಂತ ಸಣ್ಣದಾಗಲಾರದು.

ಮುಂದಿನ ಮಾನದಂಡಗಳು ಒಂದು ಬೈಟಿನ ಕಟ್ಟನ್ನು ಸಡಿಲಿಸಿದವು. ವಿದ್ಯುತ್ ಪೂರೈಕೆ ಘಟಕಗಳಿಗಾಗಿ ಬಂದ ಪಿಎಂಬಸ್ 16 ಬಿಟ್‌ಗಳನ್ನು ಬಳಸಿತು. ಡಿಎಂಟಿಎಫ್ ಸಂಸ್ಥೆಯ ಪಿಎಲ್‌ಡಿಎಂ 32 ಬಿಟ್‌ಗಳವರೆಗೆ ಅವಕಾಶ ಕೊಟ್ಟಿತು. ಅದೇ ಸಂಸ್ಥೆ 2015ರಲ್ಲಿ ಹೊರತಂದ ರೆಡ್‌ಫಿಶ್‌ನಲ್ಲಿ ಮಿತಿಗಳು ಸಾಮಾನ್ಯ ದಶಮಾಂಶ ಸಂಖ್ಯೆಗಳು. ಐಪಿಎಂಐಗೆ ಹೊಸ ಪರಿಷ್ಕರಣೆಗಳಿಲ್ಲವೆಂದು ಅದರ ಪ್ರವರ್ತಕರೇ ತಿಳಿಸಿ ರೆಡ್‌ಫಿಶ್‌ನತ್ತ ಬೊಟ್ಟುಮಾಡಿದ್ದಾರೆ. ಹಾಗೆಂದು ದಶಮಾಂಶದ ಮುಂದೆ ಅಂಕಿ ಹೆಚ್ಚಾದ ಮಾತ್ರಕ್ಕೆ ಅಳತೆ ನಿಖರವಾಗುವುದಿಲ್ಲ. ಸೆನ್ಸರ್‌ನ ತಪ್ಪಿನ ಅಂದಾಜಿಗೂ ಐಪಿಎಂಐ ದಾಖಲೆಯಲ್ಲಿ ಪ್ರತ್ಯೇಕ ಸ್ಥಾನವಿತ್ತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಹಳೆಯದು ಪೂರ್ತಿ ತೆರವಾಗಿಯೂ ಇಲ್ಲ. ಮುಕ್ತ ತಂತ್ರಾಂಶವಾದ ಓಪನ್‌ಬಿಎಂಸಿ ಸೆನ್ಸರ್ ಬೆಲೆಗಳನ್ನು 64 ಬಿಟ್‌ಗಳ ದಶಮಾಂಶ ಸಂಖ್ಯೆಗಳಾಗಿ ಇಟ್ಟುಕೊಂಡರೂ, ಐಪಿಎಂಐ ಮೂಲಕ ಕೇಳಿದವರಿಗಾಗಿ ಸೆನ್ಸರ್‌ನ ಕನಿಷ್ಠ ಮತ್ತು ಗರಿಷ್ಠ ಬೆಲೆಗಳಿಂದ ಗುಣಕಗಳನ್ನು ಲೆಕ್ಕಹಾಕಿ ಮತ್ತೆ ಒಂದು ಬೈಟಿಗೆ ಇಳಿಸುತ್ತದೆ. ಆದ್ದರಿಂದ ರೆಡ್‌ಫಿಶ್‌ನಲ್ಲಿ 11.4 ಎಂದಿರುವ ಮಿತಿ ಐಪಿಎಂಐನಲ್ಲಿ ಬೇರೆ ಅಂಕಿಯಾಗಿ ಕಾಣಬಹುದು, ಮತ್ತು ಎರಡನ್ನೂ ಹೋಲಿಸುವ ತಪಾಸಣೆಗಳನ್ನು ಒಂದು ಹಂತದಷ್ಟು ವ್ಯತ್ಯಾಸಕ್ಕೆ ಎಡೆಗೊಟ್ಟೇ ಬರೆಯಬೇಕಾಗುತ್ತದೆ.